ತುದಿಗೆ ಎರಡು ತೆಂಗಿನಮರ ಬಾಕಿ

ಬೊಲಿವಿಯಾ ದೇಶದಲ್ಲಿ, ವೈನಾ ಪೊಟೋಸಿ ಎಂಬ ಹಿಮಪರ್ವತದ ತುದಿಗಿಂತ ಸ್ವಲ್ಪ ಕೆಳಗೆ, ಬೆಳಕು ಹರಿಯುವ ಹೊತ್ತಿಗೆ, ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಮೂವರಲ್ಲಿ ಒಬ್ಬರು ‘ಆತು’ ಎಂದರು. ಆ ಒಂದು ಮಾತಿಗೆ ಮೂವರೂ ತುದಿ ಮುಟ್ಟದೆ ತಿರುಗಿ ಇಳಿದೆವು. ಅಂದವರು ಯಾರು ಎಂಬುದು ನನಗೆ ಖಚಿತವಿಲ್ಲ.

‘ಸ್ವಲ್ಪ ಕೆಳಗೆ’ ಎಂದರೆ ಎಷ್ಟು ಎಂಬುದೂ ಖಚಿತವಿಲ್ಲ. ನಮ್ಮ ಗೈಡ್ ಎಂಬತ್ತು ಮೀಟರ್ ಎಂದ. ನನ್ನ ಕೈಗಡಿಯಾರ ನೂರ ಹತ್ತು ತೋರಿಸಿತ್ತೆಂದು ನೆನಪು. ಹಗ್ಗದ ಕೊನೆಯಲ್ಲಿದ್ದ ಬೊಮ್ಮಯ್ಯ ಮಾಸ್ತರರು ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ “ಎರಡು ತೆಂಗಿನಮರ” ಎಂದೇ ಹೇಳುತ್ತಿದ್ದಾರೆ. ನಮ್ಮ ಕರಾವಳಿಯಲ್ಲಿ ಎಲ್ಲ ಎತ್ತರಗಳಿಗೂ ನಡೆಯುವ ಅಳತೆ ಅದೇ ಆದ್ದರಿಂದ ಇಲ್ಲಿಯೂ ಅದನ್ನೇ ಇಟ್ಟುಕೊಳ್ಳುತ್ತೇನೆ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನಾಲ್ಕು ನೌಕರಿ ಹಿಡಿದು, ನಾಲ್ಕನ್ನೂ ಬೇಸರ ಬಂದು ಬಿಟ್ಟು, ಈಗ ಹೊನ್ನಾವರದಲ್ಲಿ ಪಾಠ ಹೇಳಿಕೊಂಡಿದ್ದೇನೆ. ಯಾರು ಏನು ಹೇಳಿದರೂ ‘ಪುರಾವೆ?’ ಎಂದು ಕೇಳುವುದು ನನ್ನ ಚಟ. ಇಷ್ಟು ದಿನ ನಾನು ಊರಲ್ಲಿ ಹೇಳುತ್ತ ಬಂದದ್ದು, ಆತು ಅಂದವರು ಮಾಸ್ತರರು ಎಂದು. ಮಾಸ್ತರರೂ ಹಾಗೇ ಹೇಳುತ್ತಾರೆ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಜನ ನಂಬುತ್ತಾರೆ. ನನಗೆ ಅನುಮಾನ ಶುರುವಾದದ್ದೇ ಅಲ್ಲಿಂದ.

ಹೊನ್ನಾವರ

ಬೊಮ್ಮಯ್ಯ ಗೌಡರು ಕುಮಟಾ ತಾಲೂಕಿನ ಹಿರೇಗುತ್ತಿಯವರು. ನಾನು ಹೈಸ್ಕೂಲಿನಲ್ಲಿದ್ದಾಗ ನಮಗೆ ಡ್ರಿಲ್ ಮಾಸ್ತರರು. ವರ್ಷಕ್ಕೊಮ್ಮೆ ಊರ ಸುತ್ತ ಒಂದು ಉದ್ದದ ಓಟ ಇಡುತ್ತಿದ್ದರು. ಅದರಲ್ಲಿ ಪ್ರತಿಸಲವೂ ಕೊನೆಯವನು ನಾನು. ನನ್ನ ಬೆನ್ನಿಗೆ ಸೀಟಿ ಕಚ್ಚಿಕೊಂಡು ಮಾಸ್ತರರು. ಎಲ್ಲರಿಗಿಂತ ಹಿಂದಿರುವವನ ಹಿಂದೆ ಓಡುವುದು ಅವರ ನಿಯಮ. ಬೈಯುತ್ತಿರಲಿಲ್ಲ. ಸೀಟಿಯೊಳಗಿಂದ ಉಸಿರು ಮಾತ್ರ ಸಣ್ಣಗೆ ಪೀಂ ಪೀಂ ಎನ್ನುತ್ತಿತ್ತು.

ಆಗ ನನ್ನನ್ನು ‘ತಮಾ’ ಎನ್ನುತ್ತಿದ್ದರು. ನನಗೆ ನಲವತ್ತಮೂರಾದರೂ ಈಗಲೂ ತಮಾ.

ಹೋದ ವರ್ಷದ ಮಳೆಗಾಲದ ಆರಂಭ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಕೂತಿದ್ದಾಗ ಮಾಸ್ತರರು ಇದ್ದಕ್ಕಿದ್ದಂತೆ ಹೇಳಿದರು.

“ತಮಾ, ಇನ್ನೆರಡು ವರ್ಷಕ್ಕೆ ನನ್ನ ನೌಕರಿ ಮುಗೀತು. ಮೂವತ್ತು ವರ್ಷ ಮಕ್ಕಳನ್ನ ಗುಡ್ಡ ಹತ್ತಿಸ್ದೆ. ಒಂದ್ಸಲ ಆದ್ರೂ ತುದಿಗೆ ಮೊದ್ಲು ಹೋದದ್ದಿಲ್ಲ ಮಾರಾಯ. ಹಿಂದೆ ಬಿದ್ದವನ ಕರ್ಕಂಡು ನಾ ಮೇಲೆ ಮುಟ್ಟೂದ್ರೊಳಗೆ ಉಳಿದವ್ರು ಚುರುಮುರಿ ತಿಂದು ಇಳೂಕೆ ತಯಾರು.”

“ಈಗ ಎಂತ ಮಾಡ್ವ ಹೇಳಿ?”

“ಒಂದು ದೊಡ್ಡದು ಹತ್ವ. ಹಿಮ ಇದ್ದದ್ದು. ಮೇಲೆ ನಿಂತ್ಕಂಡು ಅವ್ವಿಯ ಪದ ಒಂದು ಹೇಳ್ಬೇಕು.”

ಅವರ ತಾಯಿ ನಾಟಿಯ ಹೊತ್ತು ಹಾಡುವ ಪದಗಳನ್ನು ಒಂದರ ಹಿಂದೆ ಒಂದು, ಇಡೀ ದಿನ ಮುಗಿಯದಷ್ಟು ಬಲ್ಲ ಮುದುಕಿ. ಎತ್ತರದಿಂದ ಹೇಳಿದ ಪದ ದೂರ ಕೇಳುತ್ತದೆ ಎಂದು ಆಕೆಯ ಅಭಿಪ್ರಾಯ. ಗದ್ದೆಯಂಚಿನ ಹಾಳಿಯ ಮೇಲೆ ನಿಂತು ಹೇಳಿದರೆ ಪಕ್ಕದ ಕೇರಿಗೆ ಕೇಳುವಾಗ, ಪರ್ವತದ ಮೇಲೆ ನಿಂತು ಹೇಳಿದರೆ ಎಲ್ಲಿಗೆ ಕೇಳಲಿಕ್ಕಿಲ್ಲ! ಭೌತಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ನನ್ನ ಆಕ್ಷೇಪಗಳಿದ್ದವು.

ಹಿಮಾಲಯ ಇಲ್ಲೇ ಇರುವಾಗ ಆಂಡಿಸ್ ಯಾಕೆ ಎಂದು ಎಲ್ಲರೂ ಕೇಳಿದರು. ಕಾರಣ ಶಾಲೆಯ ರಜೆ. ನಮ್ಮಲ್ಲಿ ಆರು ಸಾವಿರ ಮೀಟರ್ ಹತ್ತಬೇಕೆಂದರೆ ಅದರ ಬುಡಕ್ಕೆ ಹೋಗುವುದಕ್ಕೇ ವಾರಗಟ್ಟಲೆ ನಡೆಯಬೇಕು. ಬೊಲಿವಿಯಾದಲ್ಲಿ ವಿಮಾನ ಇಳಿಯುವ ಜಾಗವೇ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪರ್ವತದ ಬುಡಕ್ಕೆ ಜೀಪು ಹೋಗುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಒಣಹವೆ, ಇಲ್ಲಿ ಸೂಟಿ. ಇದನ್ನೆಲ್ಲ ನಾನು ಗ್ರಾಫ್ ಹಾಳೆಯಲ್ಲಿ ಬರೆದು ತೋರಿಸಿದಾಗ ಮಾಸ್ತರರು, “ಅಂದ್ರೆ ಅರ್ಧ ಗುಡ್ಡ ವಿಮಾನವೇ ಹತ್ತಿಸ್ತದೆ. ಆತು,” ಎಂದರು.

ಕುಮಟೆಯ ಮೂಳೆ ಡಾಕ್ಟರು ಮಾಸ್ತರರ ಬಲ ಮೊಣಕಾಲು ಹಿಂಡಿ ನೋಡಿ, ಈ ವರ್ಷ ಹೋದರೆ ಹೋದಿರಿ, ಆಮೇಲೆ ಮನೆಯ ಮೆಟ್ಟಿಲೂ ಜಾಸ್ತಿ ಹತ್ತಬೇಡಿ ಎಂದರು. ಹಾಗಾಗಿ ಇನ್ನೊಂದು ಸಲ ಎಂಬುದು ಯೋಜನೆಯಲ್ಲಿ ಇರಲಿಲ್ಲ.

ತಯಾರಿ ಶುರುವಾಯಿತು. ಲೆಕ್ಕಾಚಾರ ನನ್ನದು, ಕಾಲು ಅವರದು ಎಂದು ಹಂಚಿಕೊಂಡರೂ ಭಾನುವಾರಗಳಂದು ಇಬ್ಬರೂ ಬೆನ್ನಿಗೆ ಭಾರ ಹಾಕಿ ಕರಿಕಾನಮ್ಮನ ಗುಡ್ಡ ಹತ್ತುತ್ತಿದ್ದೆವು. ನನ್ನ ಚೀಲದಲ್ಲಿ ಹಳೆಯ ಪಠ್ಯಪುಸ್ತಕಗಳು. ಮಾಸ್ತರರು ಗೋಣಿಯ ತುಂಡಿನಲ್ಲಿ ಸಾಣಿಕಟ್ಟೆಯ ಕಲ್ಲುಪ್ಪು ಕಟ್ಟಿ ಹೊರುತ್ತಿದ್ದರು. ಮನೆಯಲ್ಲಿ ಭಾರದ್ದು ಅಂತ ಕಂಡದ್ದು ಅದೇ. ಗುಡ್ಡದ ಮೇಲೆ ಹೂ ಮಾರುವ ಹೆಂಗಸು ನಾಲ್ಕನೆಯ ವಾರ ತಡೆಯಲಾರದೆ ಕೇಳಿದಳು.

“ಮಾಸ್ತರ್ರೆ, ಎಂತ ಹರಕೆ ಹೊತ್ತದ್ದು?”

“ಹರಕೆ ಅಲ್ಲ ತಂಗಿ. ಉಪ್ಪು ಹೊತ್ತದ್ದು.”

ಆಕೆ ಅದೂ ಒಂದು ಹರಕೆಯೇ ಇರಬೇಕೆಂದು ಇಬ್ಬರಿಗೂ ಒಂದೊಂದು ಹೂ ಕೊಟ್ಟಳು. ದೇವರನ್ನು ನಂಬದ ನಾನು ಆ ಮಳೆಗಾಲವಿಡೀ ಗುಡ್ಡದ ಕೆಳಗಿನ ಊರಲ್ಲಿ ಮಹಾ ಭಕ್ತ ಎನಿಸಿಕೊಂಡೆ.

ಆರಿದ್ರೆ ಕಳೆದು ಪುನರ್ವಸು ಬರುವಷ್ಟರಲ್ಲಿ ಮಾಸ್ತರರ ಪ್ರಗತಿ ಕಂಡು ನನಗೆ ಗಾಬರಿಯಾಯಿತು. ವಾರದಿಂದ ವಾರಕ್ಕೆ ವೇಗ ಹೆಚ್ಚುತ್ತಿತ್ತು. ನಾನು ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದೆ; ಆ ಗೆರೆ ಹಾಗೇ ಮುಂದುವರಿದರೆ ಮಾಸ್ತರರು ಮೇ ತಿಂಗಳಲ್ಲಿ ಪರ್ವತವನ್ನು ಓಡಿಕೊಂಡು ಹತ್ತಬೇಕಿತ್ತು. ದಾರಿಯ ದನಗಳಿಗೂ ಅವರ ಮೇಲೆ ವಿಪರೀತ ಪ್ರೀತಿ ಹುಟ್ಟಿತ್ತು. ನಾಲ್ಕೈದು ಆಕಳು ಸಾಲಾಗಿ ಹಿಂದೆ ಬಂದು ಬೆನ್ನಿನ ಚೀಲ ನೆಕ್ಕುತ್ತಿದ್ದವು. “ಪಾಪದವು, ಗುರ್ತ ಸಿಕ್ಕಿದೆ ಅವಕ್ಕೆ,” ಎನ್ನುತ್ತಿದ್ದರು ಮಾಸ್ತರರು. ಆಗಸ್ಟಿನಲ್ಲಿ ಚೀಲ ಬಿಚ್ಚಿ ನೋಡಿದರೆ ಒಳಗೆ ಎರಡು ಮುಷ್ಟಿ ಉಪ್ಪು ಉಳಿದಿತ್ತು. ಉಳಿದದ್ದೆಲ್ಲ ಮಳೆಗೆ ಕರಗಿ, ಬೆನ್ನಿನ ಮೇಲೆ ಹರಿದು, ಚಡ್ಡಿಯ ಹಿಂದೆ ಬಿಳಿ ಗೆರೆಗಳಾಗಿ ಹೋಗಿತ್ತು.

ಸಂಖ್ಯಾಶಾಸ್ತ್ರದವನಾಗಿ ನನಗೆ ಹೆಚ್ಚು ನಾಚಿಕೆಯಾಯಿತು. ಆ ಗೆರೆ ಎಳೆದವನು ನಾನು.

ಭಟ್ಕಳ

ಬೂಟು, ಹಿಮಗೊಡಲಿಗಳು ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ ಎಂದಿದ್ದರು. ಜಾಕೆಟ್ ಮಾತ್ರ ನಮ್ಮದೇ ಬೇಕಿತ್ತು. ಸಮುದ್ರದ ಬದಿಯ ಊರಿನಲ್ಲಿ ಉಣ್ಣೆಯ ಟೋಪಿ ಕೇಳಿದರೂ ಕಂಪೌಂಡರಿಂದ ಜ್ವರದ ಗುಳಿಗೆ ತಂದುಕೊಡುತ್ತಾರೆ. ಕೊಲ್ಲಿ ದೇಶಗಳ ಸಾಮಾನು ಸಿಗುವುದು ಭಟ್ಕಳದಲ್ಲಿ ಎಂದು ಅಲ್ಲಿಗೆ ಹೋದೆವು. ಸುಗಂಧದ ಸೀಸೆ, ಕಂಬಳಿ, ಚಾಕೊಲೇಟು ತುಂಬಿದ ಅಂಗಡಿಯಲ್ಲಿ ಮುಜಮ್ಮಿಲ್ ಭಾಯಿ ಎಂಬವರು ನಮ್ಮ ಬೇಡಿಕೆ ಕೇಳಿ ಕಿಂಚಿತ್ತೂ ಆಶ್ಚರ್ಯಪಡದೆ ಅಟ್ಟದಿಂದ ಎರಡು ಜಾಕೆಟ್ ಇಳಿಸಿದರು. ಕಿತ್ತಳೆ ಬಣ್ಣ. ಎಷ್ಟು ಕಿತ್ತಳೆ ಎಂದರೆ ಅಂಗಡಿಯ ಲೈಟು ಮಂಕಾಯಿತು.

“ಇದು ನಿಜವಾಗಿ ಹಿಮ ತಡೀತದಾ?” ಎಂದು ಕೇಳಿದೆ.

“ಸರ್, ಇದು ಬರ್ಫ್‌ನಲ್ಲಿ ಪಾಸಾದ ಮಾಲು. ನಮ್ಮ ಅಳಿಯ ದುಬೈಲಿ ಇದನ್ನೇ ಹಾಕಿಕೊಂಡು ಒಂದು ತಾಸು ಐಸ್ ಮೇಲೆ ಜಾರಿದ್ದಾನೆ.”

“ದುಬೈಲಿ ಐಸ್ ಎಲ್ಲಿಂದ ಬಂತು?”

“ಮಾಲ್ ಒಳಗೆ ಸರ್. ಇಷ್ಟು ದೊಡ್ಡ ಗುಡ್ಡ ಮಾಡಿಟ್ಟಿದ್ದಾರೆ. ಮಾಲ್ ಒಳಗಾದರೇನು, ಹೊರಗಾದರೇನು? ಐಸ್ ಐಸೇ ಅಲ್ವಾ?”

ಒಬ್ಬ ಅಳಿಯ, ಒಂದು ತಾಸು. ಮಾದರಿ ಚಿಕ್ಕದಾಯಿತು ಎಂದು ಹೇಳಹೊರಟೆ. ಅಷ್ಟರಲ್ಲಿ ಮಾಸ್ತರರು ಒಂದನ್ನು ತೊಟ್ಟುಕೊಂಡು ಕನ್ನಡಿಯ ಮುಂದೆ ಎದೆ ಉಬ್ಬಿಸಿ ನಿಂತಿದ್ದರು. ಅಂಗಡಿಯ ಸೆಖೆಗೆ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

“ಬೇರೆ ಬಣ್ಣ ಇಲ್ಲವಾ? ಇಬ್ಬರದ್ದೂ ಒಂದೇ ಆದರೆ ಯಾರು ಯಾರೂಂತ ಗೊತ್ತಾಗುವುದು ಹೇಗೆ?” ಎಂದೆ.

“ಅಯ್ಯೋ ಸರ್, ಅವರು ಮೀಸೆಯವರು, ನೀವು ಕನ್ನಡಕದವರು. ಯಾರಿಗೆ ಗೊತ್ತಾಗೂದಿಲ್ಲ?”

ಈ ಮಾತನ್ನು ನಾನು ಆಮೇಲೆ ಹಲವು ಸಲ ನೆನೆಸಿಕೊಂಡಿದ್ದೇನೆ.

ಲಾ ಪಾಜ್

ಮೂರು ವಿಮಾನ ಬದಲಿಸಿ ಇಳಿದ ಮೇಲೆ ಮೊದಲು ಅನುಭವಕ್ಕೆ ಬಂದದ್ದು, ಬೂಟಿನ ದಾರ ಕಟ್ಟುವುದೂ ಒಂದು ವ್ಯಾಯಾಮ ಎಂಬುದು. ಒಂದು ಕಾಲಿನದು ಕಟ್ಟಿ ಕುರ್ಚಿಗೆ ಒರಗಿ ಸುಧಾರಿಸಿಕೊಂಡು ಇನ್ನೊಂದನ್ನು ಕಟ್ಟಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಸಾಧನವನ್ನು ನಾನು ತಂದಿದ್ದೆ. ಹೊತ್ತಿಗೊಮ್ಮೆ ಇಬ್ಬರ ಬೆರಳಿಗೂ ಹಾಕಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಪ್ರತಿಸಲವೂ ಮಾಸ್ತರರ ಅಂಕಿ ನನ್ನದಕ್ಕಿಂತ ಮೇಲೆ. ಉಪಕರಣದಲ್ಲಿ ಏನೋ ದೋಷವಿದೆ ಎಂದು ಪುಟದ ಅಂಚಿನಲ್ಲಿ ಬರೆದಿಟ್ಟಿದ್ದೇನೆ.

ಆ ಊರು ಒಂದು ದೊಡ್ಡ ಬೋಗುಣಿಯ ಒಳಗೋಡೆಗೆ ಅಂಟಿಸಿದ ಹಾಗಿದೆ. ಬಸ್ಸಿನ ಬದಲು ಜನ ತಂತಿಯ ಮೇಲೆ ತೂಗುವ ಡಬ್ಬಿಗಳಲ್ಲಿ ಕೂತು ಆಫೀಸಿಗೆ ಹೋಗುತ್ತಾರೆ. ಒಳಗೆ ಕಾಲಿಟ್ಟವರೆಲ್ಲ ಗುರುತಿಲ್ಲದವರಿಗೂ ಶುಭದಿನ ಹೇಳಿ, ಆಮೇಲೆ ಸುಮ್ಮನೆ ಕೂರುತ್ತಾರೆ. ನಮ್ಮ ಕುಮಟೆಯ ಟೆಂಪೋದಲ್ಲಿ ಶುಭ ಯಾರೂ ಹೇಳುವುದಿಲ್ಲ. ಎಲ್ಲಿಗೆ, ಎಂತಕ್ಕೆ, ಯಾರ ಮನೆ ಎಂದು ಶುರುಮಾಡಿ ಇಳಿಯುವಷ್ಟರಲ್ಲಿ ಸಂಬಂಧ ಹುಡುಕಿಬಿಡುತ್ತಾರೆ. ಮಾಸ್ತರರಿಗೆ ಆ ಮೌನ ಸಹಿಸಲಾಗಲಿಲ್ಲ. ಎದುರು ಕೂತ ಅಜ್ಜನೊಬ್ಬನನ್ನು “ಎಲ್ಲಿಗೆ ಹೊಂಟದ್ದು?” ಎಂದು ಕನ್ನಡದಲ್ಲೇ ಕೇಳಿದರು. ಅಜ್ಜ ಕೈಚೀಲದಿಂದ ಒಂದು ಕೆಟ್ಟ ರೇಡಿಯೋ ತೆಗೆದು ತೋರಿಸಿದ. “ರಿಪೇರಿಗೆ,” ಎಂದು ಮಾಸ್ತರರು ನನಗೆ ಅನುವಾದಿಸಿದರು. ಆರು ತಿಂಗಳು ಫೋನಿನಲ್ಲಿ ಸ್ಪ್ಯಾನಿಶ್ ಕಲಿತ ನಾನು ಪಕ್ಕದಲ್ಲಿ ಕೂತಿದ್ದೆ.

ಸಂತೆಯಲ್ಲಿ, ಅಗಲ ಲಂಗ ಹರಡಿಕೊಂಡು ತಲೆಯ ಮೇಲೆ ಗುಂಡು ಟೋಪಿ ಓರೆಯಾಗಿ ಇಟ್ಟುಕೊಂಡ ಹೆಂಗಸೊಬ್ಬಳು ಹಸಿರೆಲೆಯ ರಾಶಿಯ ಹಿಂದೆ ಕೂತಿದ್ದಳು. ಕೋಕಾ ಎಲೆ. ಎತ್ತರದ ತಲೆನೋವಿಗೆ ಅಲ್ಲಿ ಅದೇ ಮದ್ದು. ನಾಲ್ಕೆಲೆ ದವಡೆಯಲ್ಲಿಟ್ಟು, ಜೊತೆಗೆ ಬೂದಿಯ ಉಂಡೆಯಿಂದ ಒಂದು ಚೂರು ಕಚ್ಚಿಕೊಳ್ಳುತ್ತಾರೆ. ಮಾಸ್ತರರು ಕವಳಕ್ಕೆಂದು ತಂದಿದ್ದ ವೀಳ್ಯದೆಲೆ ಎರಡನೆಯ ವಿಮಾನದಲ್ಲೇ ಮುಗಿದಿತ್ತು. ಅವರು ಸೊಂಟಕ್ಕೆ ಕೈಕೊಟ್ಟು ನೋಡುತ್ತ ನಿಂತರು.

“ತಮಾ, ಇದು ಕವಳ ಮಾರಾಯ.”

“ಅಲ್ಲ ಮಾಸ್ತರ್, ಇದು ಬೇರೆ ಜಾತಿಯ ಗಿಡ. ಇದರಲ್ಲಿ…”

“ಎಲೆ ಇದ್ದು, ಸುಣ್ಣದ ಬದ್ಲಿ ಬೂದಿ ಇದ್ದು, ಸಂಚಿ ಇದ್ದು, ದವಡೆ ಇದ್ದು. ಇನ್ನೆಂತ ಬೇಕು ನಿಂಗೆ?”

ಒಂದು ಬಾಯಿ ಹಾಕಿಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಅಗಿದರು. “ಅಡಿಕೆ ಇಲ್ಲ ಅನ್ನೂದೊಂದೇ ಕೊರತೆ,” ಎಂಬ ತೀರ್ಪು ಬಂತು. ಹೆಂಗಸು ತನ್ನ ಉಬ್ಬಿದ ಕೆನ್ನೆ ತೋರಿಸಿ ನಕ್ಕಳು. ಕವಳ ಹಾಕುವವರು ಎಲ್ಲಿಯೂ ಒಂದೇ ಪಂಗಡದವರು; ಹಾಕದ ನಾನು ಹೊರಗಿನವನಾಗಿ ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡೆ.

ಕೆಳಗಿನ ಕ್ಯಾಂಪು

ನಮ್ಮ ಗೈಡಿನ ಹೆಸರು ಫೆಲಿಸಿಯಾನೊ. ಐವತ್ತರ ಆಸುಪಾಸು, ಐಮಾರಾ ಜನಾಂಗದವನು, ಗಿಡ್ಡ, ಎದೆ ಮಾತ್ರ ಪೀಪಾಯಿಯಂತೆ ಅಗಲ. ಪ್ರವಾಸಿಗಳಿಂದ ಕಲಿತ ಅವನ ಇಂಗ್ಲಿಷೂ ಫೋನಿನಿಂದ ಕಲಿತ ನನ್ನ ಸ್ಪ್ಯಾನಿಶೂ ನಡುದಾರಿಯಲ್ಲಿ ಎಲ್ಲೋ ಭೇಟಿಯಾಗುತ್ತಿದ್ದವು. ಅವನು ಸಮುದ್ರ ನೋಡಿರಲಿಲ್ಲ. ಅವನ ದೇಶಕ್ಕೆ ಸಮುದ್ರವೇ ಇಲ್ಲ. ಇದ್ದದ್ದು ಹಿಂದೆ ಯುದ್ಧದಲ್ಲಿ ಹೋಯಿತು ಎಂದು ಮೊನ್ನೆ ನಡೆದದ್ದರ ಹಾಗೆ ದುಃಖದಿಂದ ಹೇಳಿದ.

“ನಿಮ್ಮ ಊರು ಎಷ್ಟು ಎತ್ತರ?” ಎಂದು ಕೇಳಿದ.

“ಎತ್ತರ ಇಲ್ಲ. ಸಮುದ್ರದ ಮಟ್ಟ.”

“ಅಂದರೆ ಸೊನ್ನೆ?” ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ಮರುಕದಿಂದ ನೋಡಿದ. “ಸೊನ್ನೆಯಿಂದ ಬಂದಿದ್ದೀರಿ!”

ಮಾಸ್ತರರು ಚೀಲ ತಡಕಿ, ಮಳೆಯಲ್ಲಿ ಕರಗದೆ ಉಳಿದಿದ್ದ ಎರಡು ಮುಷ್ಟಿ ಸಾಣಿಕಟ್ಟೆ ಉಪ್ಪಿನ ಪೊಟ್ಟಣ ತೆಗೆದು ಅವನ ಕೈಗಿಟ್ಟರು. “ಹೇಳು ತಮಾ ಅವಂಗೆ, ಇದು ಸಮುದ್ರ ಅಂತ.” ಹೇಳಿದೆ. ಫೆಲಿಸಿಯಾನೊ ಒಂದು ಹರಳು ನಾಲಗೆಗೆ ಇಟ್ಟುಕೊಂಡು, ಉಳಿದದ್ದನ್ನು ಟೋಪಿಯೊಳಗೆ ಜೋಪಾನ ಮಾಡಿದ.

ಕ್ಯಾಂಪು ಎಂದರೆ ಕಲ್ಲಿನ ಒಂದು ಮನೆ, ನಾಲ್ಕು ಸಾವಿರದ ಏಳುನೂರು ಮೀಟರಿನಲ್ಲಿ. ಪಕ್ಕದಲ್ಲಿ ಒಂದು ಕೆರೆ. ಅಲ್ಲಿ ನಮ್ಮ ಯೋಜನೆಯ ಅತಿ ದೊಡ್ಡ ತಪ್ಪು ಬಯಲಿಗೆ ಬಂತು. ಮಾಸ್ತರರು ಮನೆಯಿಂದ ಕುಚ್ಚಲಕ್ಕಿ ತಂದಿದ್ದರು. ಹೊಟ್ಟೆಯಲ್ಲಿ ಗಂಜಿ ಇದ್ದರೆ ಯಾವ ಗುಡ್ಡವೂ ಲೆಕ್ಕಕ್ಕಿಲ್ಲ ಎಂಬುದು ಅವರ ಸಿದ್ಧಾಂತ. ಸಂಜೆ ನಾಲ್ಕಕ್ಕೆ ಒಲೆಯ ಮೇಲಿಟ್ಟರು. ಐದಾಯಿತು, ಆರಾಯಿತು. ನೀರು ಮರಳುತ್ತಲೇ ಇದೆ, ಅಕ್ಕಿ ಮಣಿಯಂತೆ ಕಟಕಟ ಎನ್ನುತ್ತಲೇ ಇದೆ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಹಾಗಾಗಿ ಅಕ್ಕಿ ಬೇಯುವುದಿಲ್ಲ. ಇದು ಎಂಟನೆಯ ತರಗತಿಯ ಪಾಠ.

“ನಿಂಗೆ ಗೊತ್ತಿತ್ತಾ ಇದು?” ಎಂದರು ಮಾಸ್ತರರು ಸೌಟು ಹಿಡಿದು.

“ಗೊತ್ತಿತ್ತು.”

“ಮತ್ತೆ ಚೀಲ ತುಂಬೂವಾಗ ಹೇಳೂಕೆ ಎಂತ ಆಗಿತ್ತಾ ನಿಂಗೆ? ಇಲ್ಲಿವರೆಗೆ ಹೊತ್ಕಂಡು ಬಂದೆ ಮಾರಾಯ! ಯುನಿವರ್ಸಿಟಿಲಿ ಕಲ್ತು ಎಂತ ಬಂತು?”

ಕೊನೆಗೆ ಕ್ಯಾಂಪಿನ ಅಡುಗೆಯ ಹೆಂಗಸು ಕರುಣೆ ತೋರಿ ತನ್ನ ಪ್ರೆಷರ್ ಕುಕ್ಕರಿಗೆ ಅದನ್ನು ಸುರಿದುಕೊಂಡಳು. ಎಷ್ಟೋ ಸೀಟಿಯ ನಂತರ ಗಂಜಿಯಾಯಿತು. ಮಾಸ್ತರರ ಒಣ ಸಿಗಡಿ ಚಟ್ನಿಯ ಡಬ್ಬಿ ತೆರೆದಾಗ ಇಬ್ಬರು ಯುರೋಪಿಯನ್ನರು ತಟ್ಟೆ ಎತ್ತಿಕೊಂಡು ಹೊರಗೆ ಹೋದರು. ಅಡುಗೆಯ ಹೆಂಗಸು ಮಾತ್ರ ಮೂಗರಳಿಸಿ ಹತ್ತಿರ ಬಂದು, ತನ್ನ ಒಳಕೋಣೆಯಿಂದ ಕೆರೆಯ ಸಣ್ಣ ಒಣಮೀನು ತಂದು ಪಕ್ಕದಲ್ಲಿಟ್ಟಳು. ತದಡಿಯ ಬಂದರಿನಲ್ಲಿ ಹರಡಿದ್ದರೆ ಯಾರೂ ಬೇರೆ ಮಾಡಲಾರದಂಥ ಮೀನು.

ಊಟ ಮುಗಿಸಿ ಮಾಸ್ತರರು ತಟ್ಟೆ ಸರಿಸಿ “ಆತು” ಎಂದರು. ಫೆಲಿಸಿಯಾನೊ ನನ್ನ ಕಡೆ ತಿರುಗಿದ. ಎರಡು ದಿನದಿಂದ ಅವನ ಕಿವಿಗೆ ಬೀಳುತ್ತಿದ್ದ ಮಾತು ಅದೊಂದೇ.

“ಆತು ಎಂದರೇನು?”

ಪಾಠ ಹೇಳುವ ಅವಕಾಶ ನಾನು ಬಿಡುವುದಿಲ್ಲ. “ಅದಕ್ಕೆ ಎರಡು ಅರ್ಥ. ಒಂದು, ಮುಗಿಯಿತು, ಇನ್ನು ಸಾಕು. ಇನ್ನೊಂದು, ಸರಿ, ಒಪ್ಪಿದೆ, ಹಾಗೇ ಆಗಲಿ.”

“ಒಂದು ಸಾಕು ಅಂತ, ಒಂದು ಆಗಲಿ ಅಂತ. ಎರಡಕ್ಕೂ ಒಂದೇ ಮಾತು? ಹಾಗಾದರೆ ಯಾವುದು ಎಂದು ಗೊತ್ತಾಗುವುದು ಹೇಗೆ?”

ನಾನು ಮಾಸ್ತರರಿಗೆ ಪ್ರಶ್ನೆ ದಾಟಿಸಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

“ಮುಖ ನೋಡಿದ್ರೆ ಗೊತ್ತಾಗ್ತದಲ್ಲ!”

ಹಿಮದ ಮೇಲೆ

ಹಿಮ ಬಿಸಿಲಿಗೆ ಸಡಿಲವಾಗುವ ಮೊದಲು ಹೋಗಿಬರಬೇಕೆಂದು ಎಲ್ಲರೂ ಕತ್ತಲಲ್ಲೇ ಹೊರಡುತ್ತಾರೆ. ನಾವೂ ಮುನ್ನಾದಿನ ಏರಿ ತಂಗಿದ್ದ ಮೇಲಿನ ಗುಡಿಸಲಿನಿಂದ ಹಾಗೇ ಹೊರಟೆವು. ಹಗ್ಗ ಕಟ್ಟುವಾಗ ಒಂದು ಚಿಕ್ಕ ತಕರಾರಾಯಿತು. ಮೊದಲು ತಾನು, ನಡುವೆ ಸೋತವರು, ಕೊನೆಗೆ ಗಟ್ಟಿಯವರು ಎಂಬುದು ಫೆಲಿಸಿಯಾನೊನ ಕ್ರಮ. ಹಾಗಾದರೆ ವಯಸ್ಸಾದ ಮಾಸ್ತರರು ನಡುವೆ ಇರಲಿ ಎಂದೆ ನಾನು. ಮಾಸ್ತರರು ಹಗ್ಗದ ತುದಿ ಎತ್ತಿಕೊಂಡು ನನ್ನ ಹಿಂದೆ ನಿಂತರು. ಫೆಲಿಸಿಯಾನೊ ನಮ್ಮಿಬ್ಬರ ಮುಖ ನೋಡಿ ಹಾಗೇ ಗಂಟು ಹಾಕಿದ. ಹಳೆಯ ಅಭ್ಯಾಸ ಎಂದುಕೊಂಡೆ.

ಮೇಲೆ ಮುಟ್ಟಿದಾಗ ಬೆರಳು ಮರಗಟ್ಟಿ ಫೋನಿನ ಗುಂಡಿ ಒತ್ತಲಾಗದಿದ್ದರೆ ಎಂದು, ಕೊನೆಯ ವಿಶ್ರಾಂತಿಯ ಜಾಗದಲ್ಲೇ ಮಾಸ್ತರರು ಧ್ವನಿಮುದ್ರಣ ಶುರುಮಾಡಿ ಫೋನನ್ನು ಜಾಕೆಟಿನ ಒಳಗೆ, ಎದೆಯ ಜೇಬಿಗೆ ಹಾಕಿಕೊಂಡರು. ಪದಕ್ಕೆ ತಯಾರಿ.

ಆಮೇಲಿನದು ನನ್ನ ಪುಸ್ತಕದಲ್ಲಿ ಹೀಗಿದೆ: “ಬೆಳಕು. ಬೂಟು. ತಿನ್ನಲಾಗಲಿಲ್ಲ. ಬೊ.” ಕೊನೆಯ ಅಕ್ಷರ ಬೊಮ್ಮಯ್ಯನೋ, ಬೊಲಿವಿಯಾವೋ ತಿಳಿಯದು.

ನೆನಪಿನಲ್ಲಿರುವುದು ಇಷ್ಟು. ಮೂಡಣ ನಸುಗೆಂಪಾಗಿತ್ತು. ಮುಂದೆ ಕತ್ತಿಯ ಬಾಯಂಥ ಏಣು, ಅದರ ಕೊನೆಗೆ ತುದಿ, ಕೈಚಾಚಿದರೆ ಸಿಗುವಷ್ಟು ಸ್ಪಷ್ಟ. ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಫೆಲಿಸಿಯಾನೊ ನಿಂತು ಹಿಂದೆ ತಿರುಗಿದ. ಮುಂದೆ ಹೋಗೋಣವೇ ಎಂದು ಏನೋ ಕೇಳಿದ. ನನ್ನ ಹಿಂದಿನಿಂದ ಒಂದು ದನಿ ‘ಆತು’ ಎಂದಿತು. ಅವನಿಗೆ ಕಂಡದ್ದು ಎರಡು ಕಿತ್ತಳೆ ಜಾಕೆಟ್, ಎರಡು ಕಪ್ಪು ಕನ್ನಡಕ, ಮೂಗಿನವರೆಗೆ ಬಟ್ಟೆ. ನೋಡಲು ಮುಖವೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಗ್ಗ ಹಿಮ್ಮುಖವಾಯಿತು. ಪಾಪ ಮಾಸ್ತರರು, ಇಷ್ಟು ಹತ್ತಿರ ಬಂದು ಸೋತರಲ್ಲ ಎಂದು ನಾನು ಮರುಗಿದ್ದೂ ನೆನಪಿದೆ.

ಊರಿಗೆ ಬಂದು ಇದನ್ನೇ ಹೇಳಿದೆ. ಹೋಟೆಲಿನಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆಯ ಪಂಕ್ತಿಯಲ್ಲಿ. “ನಾನು ಹೋಗ್ತಿದ್ದೆ, ಮಾಸ್ತರರಿಗೆ ಆಗಲಿಲ್ಲ. ವಯಸ್ಸು ನೋಡಿ.” ಅವರೂ ಹೌದೆಂದು ತಲೆಯಾಡಿಸುತ್ತಿದ್ದರು. “ಆತು ಅಂದದ್ದು ನಾನೇ. ಅಂವ ಎಂತ ಮಾಡ್ತ, ಪಾಪ.”

ಆದರೆ ಒಂದು ವಿಷಯ ಕಾಡತೊಡಗಿತು. ಆ ನೆನಪಿನಲ್ಲಿ ನಾನು ಮೂವರನ್ನೂ ಪಕ್ಕದಿಂದ ನೋಡುತ್ತೇನೆ: ಹಗ್ಗ, ಏಣು, ನಡುವೆ ಗೋಣು ಬಗ್ಗಿಸಿ ನಿಂತ ನಾನು. ಹಗ್ಗದ ನಡುವೆ ಕಟ್ಟಿಕೊಂಡಿದ್ದವನು ತನ್ನನ್ನೇ ಪಕ್ಕದಿಂದ ನೋಡಿದ್ದು ಹೇಗೆ? ಕಂಡದ್ದಲ್ಲ ಅದು, ಆಮೇಲೆ ಕಟ್ಟಿದ್ದು. ನೋಟವನ್ನು ಕಟ್ಟಿದವನು ದನಿಯನ್ನು ಬಿಟ್ಟಿರುತ್ತಾನೆಯೇ?

ಹಿರೇಗುತ್ತಿ

ಈ ಬರಹಕ್ಕೆ ಫೋಟೋ ಬೇಕಿತ್ತು. ಮಾಸ್ತರರ ಫೋನಿನಲ್ಲಿರುವುದನ್ನು ತೆಗೆದುಕೊಳ್ಳಲು ಹಿರೇಗುತ್ತಿಗೆ ಹೋದೆ. ಆ ಧ್ವನಿಮುದ್ರಣದ ಬಗ್ಗೆ ಮುಂಚೆ ಎರಡು ಸಲ ಕೇಳಿದಾಗಲೂ “ಬರೀ ಗಾಳಿ ಮಾರಾಯ, ಎಂತ ಕೇಳ್ತೆ ಅದ್ರಲ್ಲಿ,” ಎಂದು ಮಾತು ತಿರುಗಿಸಿದ್ದರು.

ಅವರ ತಾಯಿ ಜಗುಲಿಯ ಮೇಲೆ ಕೊರಳ ತುಂಬ ಮಣಿಸರ ಹಾಕಿಕೊಂಡು ತೊಂಡೆಕಾಯಿ ಹೆಚ್ಚುತ್ತಿದ್ದರು.

“ಇಂವ ಪದ ಹೇಳ್ದ ಅಂದ, ಹೌದನಾ?” ಎಂದು ನನ್ನನ್ನು ಕೇಳಿದರು. “ತುದಿಗೆ ಎರಡು ತೆಂಗಿನಮರ ಕಮ್ಮಿ ಆತಂಬ್ರು. ಅಷ್ಟಕ್ಕೆ ಎಂತ ಆತು? ಇಲ್ಲಿಗೆ ಕೇಳೂಕೆ ಅಷ್ಟು ಎತ್ತರ ಸಾಕು.”

ಮಾಸ್ತರರು ಮೇಲೆ ಪದ ಹೇಳಿದ್ದು ನನಗೆ ನೆನಪೇ ಇರಲಿಲ್ಲ.

ಮಾಸ್ತರರು ಫೋನು ನನ್ನ ಕೈಗೆ ಕೊಟ್ಟು ಬಸಳೆ ತರಲು ಹಿತ್ತಲಿಗೆ ಹೋದರು. ಫೋಟೋಗಳ ನಡುವೆ ಐವತ್ತೆರಡು ನಿಮಿಷದ ಒಂದು ಧ್ವನಿ ಕಡತ ಇತ್ತು. ಕಿವಿಗೆ ಸಿಕ್ಕಿಸಿಕೊಂಡೆ. ಜಾಕೆಟಿನ ಸರಸರ, ಉಸಿರು, ಹಿಮದಲ್ಲಿ ಬೂಟು. ಕಾಯುವ ತಾಳ್ಮೆ ಇಲ್ಲದೆ ಮುಂದೆ ಜಾರಿಸಿದೆ. ನಲವತ್ತೊಂದನೆಯ ನಿಮಿಷದಲ್ಲಿ ಹೆಜ್ಜೆ ನಿಂತಿತು. ದೂರದಿಂದ ಫೆಲಿಸಿಯಾನೊನ ಪ್ರಶ್ನೆ. ಒಂದು ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ಒಂದು ದನಿ, ಆಮೇಲೆ ಎದೆಗೆ ಹತ್ತಿರದ, ದಪ್ಪನೆಯ ಇನ್ನೊಂದು ದನಿ: “ತಮಾ? ತಮಾ, ಆಗೂದಿಲ್ಲನಾ?” ಬರೀ ಗಾಳಿ. ನಾಲ್ಕು ಉಸಿರು ಎಣಿಸಿದೆ. ಫೆಲಿಸಿಯಾನೊ ಮತ್ತೆ ಕೂಗಿದ, ಈ ಸಲ ನಮ್ಮ ಭಾಷೆಯಲ್ಲಿ, ನಮ್ಮ ಮಾತಿನಲ್ಲಿ: “ಮಾಸ್ತರ್! ಆತು?” ಅದಕ್ಕೆ ಆ ಹತ್ತಿರದ ದನಿ ಉತ್ತರ ಕೊಟ್ಟಿತು.

ಇಳಿಯುವ ಹೆಜ್ಜೆಗಳು ಶುರುವಾದ ಮೇಲೆ, ಮೂರು ಹೆಜ್ಜೆಗೊಂದು ಪದದಂತೆ, ಉಸಿರಿಲ್ಲದೆ ತುಂಡುತುಂಡಾಗಿ, ನಾಟಿಯ ಹಾಡು.

ಮಾಸ್ತರರು ಬಸಳೆಯ ಕಟ್ಟು ಹಿಡಿದು ಮೆಟ್ಟಿಲು ಹತ್ತಿದರು. ಬಲಗಾಲು ಎಳೆಯುತ್ತಿತ್ತು.

“ಫೋಟೋ ತಕ್ಕಂಡ್ಯಾ? ಆತನಾ?”

“ಆತು,” ಎಂದೆ.

ಅವರು ನಿಂತು ನನ್ನ ಮುಖ ನೋಡಿದರು. ಆಮೇಲೆ ಬಸಳೆಯನ್ನು ತಾಯಿಯ ಮುಂದೆ ಇಟ್ಟು, ಕಾಲು ಚಾಚಿ ಕೂತರು.

“ಬರೀ ಗಾಳಿ ಅಂತ ಹೇಳಿರ್ಲಿಲ್ವನಾ ನಿಂಗೆ,” ಎಂದರು. “ಹೋಗ್ಲಿ. ಊಟ ಮಾಡ್ಕಂಡು ಹೋಗು. ಕುಚ್ಚಲಕ್ಕಿ ಇಲ್ಲಿ ಲಾಯ್ಕ ಬೇಯ್ತದೆ.”

ಮೇಲೆ ಬರೆದ ಉಳಿದೆಲ್ಲದರ ಬಗ್ಗೆ, ಕೆಂಪು ಮೂಡಣ, ಏಣು, ಎರಡು ತೆಂಗಿನಮರ, ನನ್ನ ನೆನಪನ್ನು ಯಾರೂ ನಂಬಬೇಕಾಗಿಲ್ಲ. ಕಡತವನ್ನು ನನ್ನ ಫೋನಿಗೂ ಹಾಕಿಕೊಂಡು ಬಂದಿದ್ದೇನೆ. ಈ ಕೊನೆಯ ಸಾಲು ಬರೆಯುವ ಮೊದಲು ಹೊನ್ನಾವರದಲ್ಲಿ ಕೂತು ಮತ್ತೆ ಮೂರು ಸಲ ಕೇಳಿ, ಒಂದನ್ನು ಮಾತ್ರ ಖಚಿತ ಮಾಡಿಕೊಂಡಿದ್ದೇನೆ. ನಮ್ಮ ಕಡೆಯಿಂದ ‘ಆತು’ ಎಂಬ ಮಾತು ಅದರಲ್ಲಿ ಎರಡು ಸಲ ಇದೆ. ಮೊದಲನೆಯದು ನನ್ನದು.